ಟೆಲಿಸ್ಕೋಪ್ ಇಲ್ಲದೆ ನಕ್ಷತ್ರಗಳ ಫೋಟೋ: ಕಾಸರಗೋಡಿನ ಆಕಾಶದಲ್ಲಿ ಎಲ್ಲಿಂದ ಶುರು ಮಾಡುವುದು?

ಪೆರ್ಲದ ಪದವು

ಎಲ್ಲರಿಗೂ ನಮಸ್ಕಾರ. ಕೈಯಲ್ಲಿ ಇರುವುದು ನಿಕಾನ್ ಡಿ5300, ಅದರ ಜತೆ ಬಂದ 18–55 ಲೆನ್ಸ್, 50 ಮಿ.ಮೀ. ಎಫ್ 1.8 ಲೆನ್ಸ್, ಒಂದು ಸಾದಾ ಟ್ರೈಪಾಡ್. ಜಾಗ ಪೆರ್ಲದ ಹತ್ತಿರ: ಕೆಳಗೆ ಅಡಿಕೆ ತೋಟ, ಮೇಲೆ ಮುರಕಲ್ಲಿನ ಪದವು, ಅಂದರೆ ಬಯಲು ಗುಡ್ಡ. ಓರಿಯನ್ ನೀಹಾರಿಕೆ ಮತ್ತು ಆಕಾಶಗಂಗೆ ತೆಗೆಯಬೇಕೆಂದು ಆಸೆ. ಮೊದಲು ಟೆಲಿಸ್ಕೋಪ್ ಕೊಳ್ಳಬೇಕೋ, ಟ್ರ್ಯಾಕರ್ (ಆಕಾಶ ತಿರುಗಿದ ಹಾಗೆ ಕ್ಯಾಮೆರಾವನ್ನೂ ತಿರುಗಿಸುವ ಸಾಧನ) ಕೊಳ್ಳಬೇಕೋ? ಓದಲು ಸಿಗುವ ಸಲಹೆ ಎಲ್ಲಾ ಯುರೋಪು, ಅಮೆರಿಕದವರದ್ದು. ನಮ್ಮ ಊರಿಗೆ ಹೊಂದುವ ಹಾಗೆ ಹೇಳಿದರೆ ಉಪಕಾರ.

ಬದಿಯಡ್ಕ ಮಾಷ್ಟ್ರು

ಟೆಲಿಸ್ಕೋಪ್ ಈಗ ಬೇಡ. ಟ್ರ್ಯಾಕರೂ ಈಗಲೇ ಬೇಡ. ಆ 50 ಮಿ.ಮೀ. ಲೆನ್ಸ್ ಮತ್ತು ಟ್ರೈಪಾಡ್ ಒಂದು ಇಡೀ ಸೀಸನ್‌ಗೆ ಸಾಕು. ಓರಿಯನ್ ನೀಹಾರಿಕೆ ಅದರಲ್ಲೇ ಬರ್ತದೆ, ಬಣ್ಣ ಸಮೇತ. ಒಂದೇ ಉದ್ದದ ಎಕ್ಸ್‌ಪೋಷರ್ ಅಲ್ಲ, 4 ಸೆಕೆಂಡಿನ 300 ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುವುದು. ಗದ್ದಲ (ನಾಯ್ಸ್, ಚಿತ್ರದಲ್ಲಿ ಕಾಣುವ ಕಾಳುಕಾಳು) ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಕಡಿಮೆಯಾಗ್ತದೆ. 100 ಚಿತ್ರಕ್ಕೆ 10 ಪಟ್ಟು, 300ಕ್ಕೆ ಸುಮಾರು 17 ಪಟ್ಟು. ಮೊದಲ 100 ಚಿತ್ರ ಕೊಡುವ ಲಾಭವನ್ನು ಇನ್ನೊಮ್ಮೆ ದುಪ್ಪಟ್ಟು ಮಾಡಬೇಕಾದರೆ 400 ಬೇಕು. ಹಾಗಾಗಿ ಒಂದು ರಾತ್ರಿಗೆ ಒಂದೇ ವಸ್ತು ಹಿಡಿಯಿರಿ. ಹತ್ತು ಕಡೆ ಕ್ಯಾಮೆರಾ ತಿರುಗಿಸಿದರೆ ಒಂದೂ ಪೂರ್ತಿಯಾಗುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗ್: ಮ್ಯಾನುವಲ್ ಮೋಡ್, ರಾ 14 ಬಿಟ್, ಐಎಸ್‌ಒ 1600, ವೈಟ್ ಬ್ಯಾಲೆನ್ಸ್ ಡೇಲೈಟ್. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಅದು ಆನ್ ಇದ್ದರೆ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕತ್ತಲೆ ಚಿತ್ರ ತೆಗೆದು ಕೂರ್ತದೆ, ಅರ್ಧ ರಾತ್ರಿ ದಂಡ. ಲೆನ್ಸಿನ ವಿಆರ್ (ನಡುಕ ತಡೆಯುವ ವ್ಯವಸ್ಥೆ) ಆಫ್, ಫೋಕಸ್ ಎಂ, ಅಂದರೆ ಮ್ಯಾನುವಲ್. ಲೆನ್ಸನ್ನು ಎಫ್ 1.8ರಲ್ಲಿ ಬಿಡಬೇಡಿ, ಮೂಲೆಯ ನಕ್ಷತ್ರಕ್ಕೆಲ್ಲ ರೆಕ್ಕೆ ಬರ್ತದೆ. ಎಫ್ 2.8ಕ್ಕೆ ಇಳಿಸಿ.

ಡಿ5300ರ ಒಳಗೇ ಇಂಟರ್ವಲ್ ಟೈಮರ್ ಉಂಟು. ಅದರ ಇಂಟರ್ವಲ್ ಅಂದರೆ ಒಂದು ಚಿತ್ರ ಶುರುವಾದಲ್ಲಿಂದ ಮುಂದಿನದ್ದು ಶುರುವಾಗುವವರೆಗಿನ ಹೊತ್ತು. 4 ಸೆಕೆಂಡ್ ಎಕ್ಸ್‌ಪೋಷರಿಗೆ 4 ಅಂತ ಕೊಟ್ಟರೆ ಕ್ಯಾಮೆರಾ ಬರೆಯುತ್ತಿರುವಾಗಲೇ ಮುಂದಿನ ಸರದಿ ಬಂದು ಒಂದು ಬಿಟ್ಟು ಒಂದು ಚಿತ್ರ ತಪ್ಪುತ್ತದೆ. 6 ಕೊಡಿ.

ಇನ್ನು ಫೋಕಸ್. ಹೊಸಬರ ಹತ್ತು ರಾತ್ರಿಯಲ್ಲಿ ಏಳು ಹಾಳಾಗುವುದು ಇಲ್ಲೇ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬಾರದು; ಆಟೋಫೋಕಸ್ ಲೆನ್ಸುಗಳು ಅನಂತವನ್ನೂ ದಾಟಿ ತಿರುಗುತ್ತವೆ. ಲುಬ್ಧಕ, ಅಗಸ್ತ್ಯದಂಥ ಹೊಳೆಯುವ ನಕ್ಷತ್ರವೊಂದನ್ನು ಲೈವ್ ವ್ಯೂನಲ್ಲಿ ಮಧ್ಯಕ್ಕೆ ತಂದು ಪೂರ್ತಿ ಹಿಗ್ಗಿಸಿ. ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದ ಹಾಗೆ ಚುಕ್ಕಿ ಕುಗ್ಗಿ ಕುಗ್ಗಿ, ಒಂದು ಹಂತ ದಾಟಿದ ಮೇಲೆ ಮತ್ತೆ ಊದಲು ತೊಡಗುತ್ತದೆ. 50 ಎಫ್ 1.8 ಲೆನ್ಸಿನಲ್ಲಿ ಇನ್ನೊಂದು ಗುರುತು ಉಂಟು: ಫೋಕಸಿನ ಒಂದು ಬದಿಗೆ ಹೋದರೆ ನಕ್ಷತ್ರದ ಅಂಚು ಕೆಂಪು, ಇನ್ನೊಂದು ಬದಿಗೆ ಹಸಿರು. ಎರಡೂ ಬಣ್ಣ ಅಳಿಯುವ ಜಾಗವೇ ಸರಿ. ಅಲ್ಲಿ ರಿಂಗಿಗೆ ಟೇಪ್ ಹಚ್ಚಿ, ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ, ಆಮೇಲೆ ಓರಿಯನ್ ಕಡೆ ತಿರುಗಿಸಿ. ಗಂಟೆಗೊಮ್ಮೆ ಮತ್ತೆ ನೋಡಬೇಕು, ಚಳಿ ಏರಿದ ಹಾಗೆ ಫೋಕಸ್ ಸರಿಯುತ್ತದೆ.

ಅಕ್ಕಲಕೋಟದಿಂದ

ಮಾಸ್ತರ ಹೇಳಿದ್ದು ಖರೆ ಅದ. ಆ 4 ಸೆಕೆಂಡಿನ ಲೆಕ್ಕ ಎಲ್ಲಿಂದ ಬಂತು ಅನ್ನೋದನ್ನ ನಾ ಬಿಡಿಸಿ ಹೇಳತೀನ್ರಿ, ಯಾಕಂದ್ರ ಎಲ್ಲಾ ಕಡೆ "500 ಸೂತ್ರ" (500ನ್ನ ಲೆನ್ಸಿನ ಮಿ.ಮೀ.ಯಿಂದ ಭಾಗಿಸಿದ್ರ ಎಷ್ಟು ಸೆಕೆಂಡ್ ಬಿಡಬಹುದು ಅನ್ನೋ ಲೆಕ್ಕ) ಅಂತ ಓದಿ ಮಂದಿ ಮೋಸ ಹೋಗ್ತಾರ.

ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಅಂದ್ರ 3600 ಆರ್ಕ್‌ಸೆಕೆಂಡ್) ತಿರುಗತದ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.9 ಮೈಕ್ರಾನ್. ಒಂದು ಪಿಕ್ಸೆಲ್ ಎಷ್ಟು ಆಕಾಶ ಹಿಡೀತದ ಅಂದ್ರ, 206 ಗುಣಿಸು ಪಿಕ್ಸೆಲ್ ಮೈಕ್ರಾನ್, ಭಾಗಿಸು ಲೆನ್ಸಿನ ಮಿ.ಮೀ. 50 ಮಿ.ಮೀ.ಗೆ ಅದು 16 ಆರ್ಕ್‌ಸೆಕೆಂಡ್ ಬರತದ. ಅಂದ್ರ ಸೆಕೆಂಡಿಗೆ ಹತ್ತತ್ರ ಒಂದು ಪಿಕ್ಸೆಲ್ ಜಾರತದ. 4 ಸೆಕೆಂಡಿಗೆ 4 ಪಿಕ್ಸೆಲ್, ಇಷ್ಟು ಸಹಿಸಬಹುದು. 500 ಸೂತ್ರ ಹಿಡಿದ್ರ 500 ಭಾಗಿಸು 75 (ನಿಮ್ಮ ಸಣ್ಣ ಸೆನ್ಸಾರಿಗೆ 50ರ ಒಂದೂವರಿ ಪಟ್ಟು ಹಿಡೀಬೇಕು), 6.7 ಸೆಕೆಂಡ್, ಆರು ಪಿಕ್ಸೆಲ್ ದಾಟಿದ ಉದ್ದದ ಅಕ್ಕಿಕಾಳು. ಅದು ಫಿಲ್ಮ್ ಕಾಲದ ಸೂತ್ರ. 500 ಬದಲಿ 300 ಇಟ್ಕೊಂಡು ಹಂಗೇ ಭಾಗಿಸ್ರಿ: 18 ಮಿ.ಮೀ.ಗೆ 11 ಸೆಕೆಂಡ್, 50ಕ್ಕ 4, 135ಕ್ಕ ಒಂದೂವರಿ.

ಇನ್ನೊಂದು ಮಾತು. ಓರಿಯನ್ ಪಟ್ಟಿ ಖಗೋಳದ ನಡುಗೆರಿ ಮ್ಯಾಲೇ ಅದ, ಜಾರೋದು ಅಲ್ಲೇ ಹೆಚ್ಚು. ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜ 60 ಡಿಗ್ರಿ ಉತ್ತರಕ್ಕ ಅದ, ಅಲ್ಲಿ ಇದರ ಎರಡು ಪಟ್ಟು ಹೊತ್ತು ಬಿಟ್ರೂ ನಡೀತದ.

ಪೆರ್ಲದ ಪದವು

ಮಾಷ್ಟ್ರೇ, ಸರ್, ಇಬ್ಬರಿಗೂ ಧನ್ಯವಾದ. ಒಂದು ಸಂಶಯ: 300 ಚಿತ್ರ ತೆಗೆಯುವಷ್ಟರಲ್ಲಿ ಓರಿಯನ್ ಚೌಕಟ್ಟಿನಿಂದ ಹೊರಗೆ ಹೋಗುವುದಿಲ್ಲವೇ? ಮತ್ತೆ, ಬಡಗಿ ಕೆಲಸ ಮಾಡುವವರು ಮನೆಯಲ್ಲೇ ಇದ್ದಾರೆ. ಮರದ ಟ್ರ್ಯಾಕರ್ ಮಾಡಬಹುದು ಅಂತ ಕೇಳಿದ್ದೇನೆ. ಅಳತೆ ಯಾರಿಗಾದರೂ ಗೊತ್ತುಂಟಾ?

ಬದಿಯಡ್ಕ ಮಾಷ್ಟ್ರು

ಹೋಗ್ತದೆ. ಗಂಟೆಗೆ 15 ಡಿಗ್ರಿ. ನಿಮ್ಮ ಚೌಕಟ್ಟು ಸುಮಾರು 26 ಡಿಗ್ರಿ ಅಗಲ, 18 ಡಿಗ್ರಿ ಎತ್ತರ. 60–70 ಚಿತ್ರಕ್ಕೊಮ್ಮೆ ಟ್ರೈಪಾಡಿನ ತಲೆ ಸ್ವಲ್ಪ ತಿರುಗಿಸಿ ಓರಿಯನ್ನನ್ನು ಮಧ್ಯಕ್ಕೆ ತನ್ನಿ. ಪ್ರತಿ ಸಲ ಅದೇ ಜಾಗಕ್ಕೆ ತರಬೇಡಿ, ಬೇಕೆಂದೇ ಸ್ವಲ್ಪ ಆಚೀಚೆ ಇರಲಿ. ಕಾರಣ ಮುಂದೆ ಗೊತ್ತಾಗ್ತದೆ.

ಕುಂಬಳೆ ವರ್ಕ್‌ಶಾಪ್

ಮರದ ಟ್ರ್ಯಾಕರಿನ ಅಳತೆ ನಾನು ಹೇಳ್ತೇನೆ. ಇದಕ್ಕೆ ಬಾರ್ನ್ ಡೋರ್ ಅಂತ ಹೆಸರು, ಸ್ಕಾಟ್ಲೆಂಡಿನ ಹೇಗ್ ಎಂಬವರು 1975ರಲ್ಲಿ ಪ್ರಕಟಿಸಿದ ವಿನ್ಯಾಸ. ಎರಡು ಹಲಗೆ, ನಡುವೆ ಬಿಜಾಗ್ರಿ, ಒಂದು ಬೋಲ್ಟ್. ಅಷ್ಟೇ.

ಹಲಗೆಗೆ 19 ಮಿ.ಮೀ. ಮರೈನ್ ಪ್ಲೈ ಹಾಕಿ. ಹಲಸಿನ ಮರ ಚಂದವೇ, ಆದರೆ ಮಳೆಗಾಲಕ್ಕೆ ಬಾಗಿದರೆ ಬಿಜಾಗ್ರಿ ಓರೆಯಾಗ್ತದೆ. ಉದ್ದ 300, ಅಗಲ 100 ಮಿ.ಮೀ. ಎರಡು ಬಿಡಿ ಬಿಜಾಗ್ರಿ ಬೇಡ. ಪಿಯಾನೋ ಬಿಜಾಗ್ರಿ ಅಂತ ಉದ್ದಕ್ಕೆ ಸಿಗ್ತದಲ್ಲ, ಅದನ್ನು 100 ಮಿ.ಮೀ. ಕತ್ತರಿಸಿ ಹಾಕಿ, ಆಟ ಇರಬಾರದು. ಬೋಲ್ಟ್ ಎಂ6, ಅದರ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, 1 ಮಿ.ಮೀ. ಬಿಜಾಗ್ರಿಯ ಪಿನ್ನಿನ ನಡುವಿನಿಂದ ಬೋಲ್ಟಿನ ನಡುವಿಗೆ ಸರಿಯಾಗಿ 228.6 ಮಿ.ಮೀ. ಆಗ ಬೋಲ್ಟ್ ನಿಮಿಷಕ್ಕೆ ಒಂದು ಸುತ್ತು ತಿರುಗಿದರೆ ಮೇಲಿನ ಹಲಗೆ ಭೂಮಿ ತಿರುಗುವ ವೇಗದಲ್ಲೇ ಏಳ್ತದೆ. ಎಂ8 ಬೋಲ್ಟ್ ಮಾತ್ರ ಸಿಕ್ಕಿದರೆ ಪಿಚ್ 1.25, ದೂರ 285.7. ಅಳತೆ 1 ಮಿ.ಮೀ. ತಪ್ಪಿದರೆ ವೇಗ ಅರ್ಧ ಶೇಕಡಕ್ಕಿಂತ ಕಡಿಮೆ ತಪ್ಪುತ್ತದೆ, ಹೆದರುವುದು ಬೇಡ. ಬೋಲ್ಟಿನ ತುದಿಯನ್ನು ಗ್ರೈಂಡ್ ಮಾಡಿ ಉರುಟು ಮಾಡಿ. ಅದು ತಾಗುವ ಕಡೆ ಮೇಲಿನ ಹಲಗೆಗೆ ತೆಳು ಸ್ಟೀಲ್ ತಗಡು ಹಚ್ಚಿ. ಇಲ್ಲದಿದ್ದರೆ ಬೋಲ್ಟ್ ಪ್ಲೈಯನ್ನು ಕೊರೆಯುತ್ತಾ ಹೋಗ್ತದೆ, ಚಿತ್ರ ನಡುಗುತ್ತದೆ.

ಉತ್ತರಕ್ಕೆ ಮುಖ ಮಾಡಿ ನಿಂತಾಗ ಬಿಜಾಗ್ರಿ ನಿಮ್ಮ ಎಡಗಡೆ, ಅಂದರೆ ಪಶ್ಚಿಮಕ್ಕೆ ಬರಬೇಕು, ಬೋಲ್ಟ್ ಪೂರ್ವಕ್ಕೆ. ತಿರುವು ಮುರುವಾದರೆ ಹಲಗೆ ಆಕಾಶದ ವಿರುದ್ಧ ತಿರುಗಿ ಗೆರೆ ಎರಡು ಪಟ್ಟು ಉದ್ದ ಬರ್ತದೆ.

ಬಿಜಾಗ್ರಿಯ ಪಿನ್ ಧ್ರುವ ನಕ್ಷತ್ರದ ಕಡೆ ನೋಡಬೇಕು. ಬೆಣೆಯ ಓರೆ ಊರಿನ ಅಕ್ಷಾಂಶದಷ್ಟೇ ಇರಬೇಕು; ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿ ಇರುವುದರಿಂದ ಕೆಳಗೊಂದು ಮರದ ಬೆಣೆ: 300 ಮಿ.ಮೀ. ಉದ್ದಕ್ಕೆ 66.5 ಮಿ.ಮೀ. ಎತ್ತರ. ಅಕ್ಕಲಕೋಟದವರಿಗೆ ಅದೇ ಉದ್ದಕ್ಕೆ 94–95, ಆದೋನಿಯವರಿಗೆ 84, ತಾಳವಾಡಿಯವರಿಗೆ 63 ಸಾಕು.

ಕೈಯಲ್ಲಿ ತಿರುಗಿಸುವುದಾದರೆ ಬೋಲ್ಟಿನ ತಲೆಗೆ ಒಂದು ಹಳೆ ಸಿಡಿ ಅಂಟಿಸಿ 12 ಗೆರೆ ಹಾಕಿ. 5 ಸೆಕೆಂಡಿಗೊಂದು ಗೆರೆ. 18 ಮಿ.ಮೀ. ಲೆನ್ಸಿಗೆ ಇದು ಧಾರಾಳ. 50ಕ್ಕೆ ಸಾಲದು, ಒಂದು ಗೆರೆಗೆ 4–5 ಪಿಕ್ಸೆಲ್ ಹಾರ್ತದೆ. 50ಕ್ಕೆ ಮೋಟಾರ್ ಬೇಕು: 28ಬಿವೈಜೆ-48 ಸ್ಟೆಪರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಮೋಟಾರ್), ಅದನ್ನು ಓಡಿಸುವ ಯುಎಲ್‌ಎನ್2003 ಬೋರ್ಡ್, ಲೆಕ್ಕ ಹಾಕಿ ಆಜ್ಞೆ ಕೊಡುವ ಒಂದು ಆರ್ಡುಯಿನೋ ನ್ಯಾನೋ, 5 ವೋಲ್ಟ್ ಪವರ್ ಬ್ಯಾಂಕ್. ಈ ಮೋಟಾರಿನ ಗೇರನ್ನು ಎಲ್ಲರೂ 64 ಅಂತ ಬರೆಯುತ್ತಾರೆ. ನಿಜವಾದದ್ದು 63.684. ಅರ್ಧ ಸ್ಟೆಪ್ಪಿನಲ್ಲಿ ಸುತ್ತಿಗೆ 4096 ಅಲ್ಲ, 4076. ಹಾಗಾಗಿ ಒಂದು ಸ್ಟೆಪ್ಪಿಗೆ 14,721 ಮೈಕ್ರೋಸೆಕೆಂಡ್ ಕೊಡಿ. ಮೋಟಾರಿಗೆ ಬಲ ಕಡಿಮೆ. ಕ್ಯಾಮೆರಾದ ಭಾರ ಬಿಜಾಗ್ರಿಯ ಹತ್ತಿರ ಬರುವ ಹಾಗೆ ಬಾಲ್ ಹೆಡ್ (ಕ್ಯಾಮೆರಾವನ್ನು ಎತ್ತ ಬೇಕಾದರೂ ತಿರುಗಿಸುವ ತಲೆ) ಕೂರಿಸಿ, ಬೋಲ್ಟಿಗೆ ಸ್ವಲ್ಪ ಗ್ರೀಸ್ ಹಚ್ಚಿ.

20 ನಿಮಿಷಕ್ಕೊಮ್ಮೆ ಬೋಲ್ಟ್ ಹಿಂದಕ್ಕೆ ಬಿಟ್ಟು ಪುನಃ ಶುರು ಮಾಡಿ. ನೇರ ಬೋಲ್ಟಿನಲ್ಲಿ ಕೋನ ಹೆಚ್ಚಿದ ಹಾಗೆ ವೇಗ ತಪ್ಪುತ್ತದೆ. ಮೊದಲ 10 ನಿಮಿಷಕ್ಕೆ ಒಟ್ಟು ತಪ್ಪು 6 ಆರ್ಕ್‌ಸೆಕೆಂಡ್ ಮಾತ್ರ, 20ಕ್ಕೆ 46.

ಮುಳ್ಳೇರಿಯ ಮುಗಿಲು

ಕುಂಬಳೆಯವರು ಚಂದ ಬಿಡಿಸಿ ಬರೆದಿದ್ದಾರೆ. ಆದರೆ ನಮ್ಮ ಕಡೆಯ ದೊಡ್ಡ ತಲೆನೋವು ಬೆಣೆಯಲ್ಲ, ಧ್ರುವ ನಕ್ಷತ್ರವೇ ಕಾಣುವುದಿಲ್ಲ. 12.5 ಡಿಗ್ರಿ ಅಂದರೆ ಚಾಚಿದ ಕೈಯ ಮುಷ್ಟಿಗಿಂತ ಸ್ವಲ್ಪವೇ ಹೆಚ್ಚು. 15 ಮೀಟರ್ ಎತ್ತರದ ತೆಂಗು ಉತ್ತರಕ್ಕೆ 68 ಮೀಟರಿನೊಳಗೆ ಇದ್ದರೆ ಧ್ರುವ ನಕ್ಷತ್ರ ಅದರ ಸಿರಿಯ ಹಿಂದೆ. 12 ಮೀಟರ್ ಅಡಿಕೆ ಮರವಾದರೆ 54 ಮೀಟರ್. ತೋಟದ ಅಂಗಳದಲ್ಲಿ ಹುಡುಕಿ ಪ್ರಯೋಜನ ಇಲ್ಲ, ಪದವಿಗೇ ಹತ್ತಬೇಕು. ಮಂಜೇಶ್ವರ, ಉಪ್ಪಳದವರಿಗೆ ಇನ್ನೊಂದು ಕಷ್ಟ: ಉತ್ತರದಲ್ಲೇ ಮಂಗಳೂರಿನ ಬೆಳಕು.

ಕಾಣದಿದ್ದರೂ ದಾರಿ ಉಂಟು. ಹಗಲಿನಲ್ಲಿ ಒಂದು ನೂಲಿಗೆ ಭಾರ ಕಟ್ಟಿ ನೇತು ಹಾಕಿ, ಸೂರ್ಯ ಮಧ್ಯಾಹ್ನರೇಖೆ ದಾಟುವ, ಅಂದರೆ ಆ ದಿನ ಅತಿ ಎತ್ತರಕ್ಕೆ ಬರುವ ಕ್ಷಣದಲ್ಲಿ ಅದರ ನೆರಳಿನ ಉದ್ದಕ್ಕೆ ಮುರಕಲ್ಲಿನ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ. ಅದೇ ನಿಜವಾದ ಉತ್ತರ-ದಕ್ಷಿಣ. ಆ ಕ್ಷಣ ಗಡಿಯಾರದ 12 ಅಲ್ಲ. ಕಾಸರಗೋಡು 75 ಡಿಗ್ರಿ ರೇಖಾಂಶದಲ್ಲಿ ಇರುವುದರಿಂದ ಸುಮಾರು 12.30, ತಿಂಗಳಿಗೆ ತಕ್ಕ ಹಾಗೆ ಕಾಲು ಗಂಟೆಯಷ್ಟು ಆಚೀಚೆ. ಸ್ಟೆಲೇರಿಯಂ ಎಂಬ ಆಕಾಶನಕ್ಷೆಯ ಆ್ಯಪಿನಲ್ಲಿ ಸೂರ್ಯನ ಮೇಲೆ ಒತ್ತಿದರೆ ಆ ದಿನದ ಸಮಯ ತೋರಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ನೆರಳು ಉದ್ದ, ಗೆರೆ ಚೆನ್ನಾಗಿ ಬರ್ತದೆ. ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾಯುವುದರಿಂದ ನೆರಳೇ ಇರುವುದಿಲ್ಲ, ಆಗ ಈ ಕೆಲಸ ಆಗದು. ಗೆರೆ ಒಮ್ಮೆ ಎಳೆದಿಟ್ಟರೆ ವರ್ಷವಿಡೀ ಟ್ರೈಪಾಡನ್ನು ಅದಕ್ಕೆ ಹೊಂದಿಸಿ ಇಡಬಹುದು. ಎತ್ತರಕ್ಕೆ ಫೋನಿನ ಇನ್‌ಕ್ಲಿನೋಮೀಟರ್ ಸಾಕು. ಅದನ್ನು ಮೊದಲು ಮಟ್ಟಸವಾದ ಮೇಜಿನ ಮೇಲೆ ಸೊನ್ನೆ ಮಾಡಿ, ತಲೆಕೆಳಗು ತಿರುಗಿಸಿಯೂ ಒಮ್ಮೆ ನೋಡಿ.

ಎಷ್ಟು ನಿಖರ ಬೇಕು? ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದೆ. ಸುಮ್ಮನೆ ಆ ನಕ್ಷತ್ರಕ್ಕೇ ಗುರಿ ಇಟ್ಟರೆ ಜಾರುವುದು ನಿಮಿಷಕ್ಕೆ 10 ಆರ್ಕ್‌ಸೆಕೆಂಡ್. 50 ಮಿ.ಮೀ.ನಲ್ಲಿ ಅದು ಒಂದು ಪಿಕ್ಸೆಲ್ಲೂ ಅಲ್ಲ. 135ರಲ್ಲಿ ಹತ್ತಿರ ಎರಡು, 200ರಲ್ಲಿ ಎರಡೂವರೆಯ ಹತ್ತಿರ. ಆದ್ದರಿಂದ ಮರದ ಟ್ರ್ಯಾಕರಿಗೆ ಇಷ್ಟು ಧಾರಾಳ. ಫೋನಿನ ದಿಕ್ಸೂಚಿಯನ್ನು ಮಾತ್ರ ಕಾರಿನ ಹತ್ತಿರ, ಟ್ರೈಪಾಡಿಗೆ ಒತ್ತಿ ಹಿಡಿದು ನೋಡಬೇಡಿ. ಕಬ್ಬಿಣ ಅದನ್ನು ಹತ್ತಾರು ಡಿಗ್ರಿ ಕೆಡಿಸುತ್ತದೆ.

ಧ್ರುವ ಇಷ್ಟು ಕೆಳಗೆ ಇರುವುದು ನಷ್ಟ ಮಾತ್ರ ಅಂತ ತಿಳಿಯಬೇಡಿ. ಧ್ರುವ ಇಳಿದಷ್ಟು ದಕ್ಷಿಣದ ಆಕಾಶ ನಮಗೆ ಎದ್ದು ಬರ್ತದೆ. ತಮಿಳುನಾಡಿನ ಕಾವಲೂರಿನ ವೈನು ಬಾಪ್ಪು ವೀಕ್ಷಣಾಲಯವೂ ಹೆಚ್ಚುಕಮ್ಮಿ ನಮ್ಮದೇ ಅಕ್ಷಾಂಶದಲ್ಲಿದೆ. ಆಕಾಶಗಂಗೆಯ ನಡುಭಾಗ ಲಂಡನ್ನಿನಲ್ಲಿ ದಿಗಂತದಿಂದ 10 ಡಿಗ್ರಿಯೂ ಏಳುವುದಿಲ್ಲ, ನಮಗೆ 48 ಡಿಗ್ರಿ. ಕಿನ್ನರ ಪುಂಜದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 30 ಡಿಗ್ರಿ, ನೌಕೆಯ ಈಟಾ ಕರೀನಾ ನೀಹಾರಿಕೆ 17–18 ಡಿಗ್ರಿ. ಈಟಾ ಕರೀನಾ ಓರಿಯನ್ ನೀಹಾರಿಕೆಗಿಂತ ತುಂಬಾ ಅಗಲ, ಸುಮಾರು ಎರಡು ಪಟ್ಟು, 50 ಮಿ.ಮೀ. ಲೆನ್ಸಿಗೆ ಹೇಳಿ ಮಾಡಿಸಿದ್ದು. ಉತ್ತರದ ದೇಶದವರು ವಿಮಾನ ಹತ್ತಿ ಹೋಗಿ ನೋಡುವ ವಸ್ತು ನಮಗೆ ಮಾರ್ಚಿನ ರಾತ್ರಿ ಪದವಿನಿಂದಲೇ ಸಿಗ್ತದೆ.

ಪೆರ್ಲದ ಪದವು

ಓರಿಯನ್ 280 ಚಿತ್ರ ಆಯಿತು, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಪ್ರೋಗ್ರಾಮಿನಲ್ಲಿ ಸೇರಿಸಿ ಆಯಿತು. ನೀಹಾರಿಕೆ ಬಂದಿದೆ! ಆದರೆ ಮೂರು ತೊಂದರೆ. ಒಂದು, ಹಿನ್ನೆಲೆಯಲ್ಲಿ ಓರೆ ಮಳೆ ಬಿದ್ದ ಹಾಗೆ ಸಣ್ಣ ಗೆರೆಗಳು, ಎಲ್ಲಾ ಒಂದೇ ದಿಕ್ಕಿಗೆ. ಎರಡು, 150ನೇ ಚಿತ್ರದಿಂದ ಆಚೆಗೆ ನಕ್ಷತ್ರಗಳು ಊದಿಕೊಂಡು ಸುತ್ತ ಮಂಜಿನ ಬಳೆ. ಮೂರು, ಕೆಳಗಿನ ಭಾಗ ಕಿತ್ತಳೆ, ಮೂಲೆಗಳು ಕಪ್ಪು.

ಬದಿಯಡ್ಕ ಮಾಷ್ಟ್ರು

ಮೊದಲ ಪ್ರಯತ್ನಕ್ಕೆ ನೀಹಾರಿಕೆ ಬಂದದ್ದೇ ಸಂತೋಷ.

ಓರೆ ಗೆರೆಯ ಕಾರಣ ಇದು. ಸೆನ್ಸಾರಿನ ಕೆಟ್ಟ ಪಿಕ್ಸೆಲ್‌ಗಳು ಇದ್ದಲ್ಲೇ ಇರುತ್ತವೆ. ನಕ್ಷತ್ರಗಳು ನಿಧಾನ ಒಂದೇ ಕಡೆ ಜಾರುತ್ತವೆ. ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂರಿಸಿದಾಗ ಆ ಪಿಕ್ಸೆಲ್‌ಗಳು ಸಾಲುಗಟ್ಟಿ ಗೆರೆಯಾಗುತ್ತವೆ. ಅದಕ್ಕೇ ಚೌಕಟ್ಟನ್ನು ಆಗಾಗ ಆಚೀಚೆ ಮಾಡಲು ಹೇಳಿದ್ದು. ಇನ್ನೊಂದು ಮದ್ದು ಡಾರ್ಕ್ ಚಿತ್ರ: ಲೆನ್ಸಿಗೆ ಮುಚ್ಚಳ ಹಾಕಿ ಅದೇ 4 ಸೆಕೆಂಡ್, ಅದೇ ಐಎಸ್‌ಒ, 40 ಚಿತ್ರ. ಪ್ರೋಗ್ರಾಂ ಇವುಗಳಲ್ಲಿರುವ ಕೆಟ್ಟ ಪಿಕ್ಸೆಲ್‌ಗಳನ್ನು ನಿಮ್ಮ ಚಿತ್ರದಿಂದ ಕಳೆಯುತ್ತದೆ. ಪದವಿನಲ್ಲೇ, ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಮನೆಗೆ ಬಂದು ಫ್ಯಾನಿನ ಅಡಿಯಲ್ಲಿ ತೆಗೆದರೆ ಸೆನ್ಸಾರಿನ ಬಿಸಿ ಬೇರೆ. ಸುಮಾರು 6 ಡಿಗ್ರಿ ಏರಿದರೆ ಈ ಗದ್ದಲ ಎರಡು ಪಟ್ಟು. ನಮ್ಮ ಊರಿನ 26–27 ಡಿಗ್ರಿಯ ರಾತ್ರಿಗೆ ಡಾರ್ಕ್ ಬಿಡುವ ಹಾಗೇ ಇಲ್ಲ. ಮುಚ್ಚಳ ಹಾಕಿದರೂ ವ್ಯೂಫೈಂಡರಿನ ಕಡೆಯಿಂದ ಬೆಳಕು ನುಗ್ಗುತ್ತದೆ, ಅದಕ್ಕೂ ಕಪ್ಪು ಬಟ್ಟೆ ಮುಚ್ಚಿ.

ಮೂಲೆ ಕಪ್ಪಾಗುವುದಕ್ಕೆ ಫ್ಲಾಟ್ ಚಿತ್ರ. ಬಿಳಿ ಮುಂಡನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದ ಹಾಗೆ ಲೆನ್ಸಿನ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಬೆಳಗಿನ ಆಕಾಶಕ್ಕೆ, ಸೂರ್ಯ ಮೂಡುವ ಮೊದಲು, ನೇರ ಮೇಲಕ್ಕೆ ಹಿಡಿದು 30 ಚಿತ್ರ. ಎ ಮೋಡ್ (ಸಮಯವನ್ನು ಕ್ಯಾಮೆರಾವೇ ಆರಿಸುವುದು), ಎಫ್ 2.8, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಡುವಿಗಿಂತ ಸ್ವಲ್ಪ ಎಡಕ್ಕೆ ಬರಬೇಕು. ಫೋಕಸ್ ರಿಂಗ್ ಮುಟ್ಟಿದರೆ, ಅಪರ್ಚರ್ ಬದಲಿಸಿದರೆ ಫ್ಲಾಟ್ ಉಪಯೋಗಕ್ಕೆ ಬಾರದು. ಸೆನ್ಸಾರಿನ ಸ್ವಂತ ಗದ್ದಲ ಕಳೆಯಲು ಬಯಾಸ್ ಚಿತ್ರ: ಮುಚ್ಚಳ ಹಾಕಿ 1/4000 ಸೆಕೆಂಡಿನಲ್ಲಿ 50. ಇವಿಷ್ಟಕ್ಕೆ 10 ನಿಮಿಷ ಸಾಕು.

ಕುಂಬಳೆ ವರ್ಕ್‌ಶಾಪ್

ಎರಡನೆಯದ್ದು ಇಬ್ಬನಿ. ಫೋಕಸ್ ತಪ್ಪಿದರೆ ನಕ್ಷತ್ರ ಅಂಚು ಇರುವ ಬಟ್ಟಲಿನ ಹಾಗೆ ಊದುತ್ತದೆ; ಇಬ್ಬನಿಯಾದರೆ ನಡು ಚೂಪಾಗಿಯೇ ಇದ್ದು ಸುತ್ತ ಮಂಜು ಹರಡ್ತದೆ. ಟಾರ್ಚನ್ನು ಓರೆಯಾಗಿ ಲೆನ್ಸಿಗೆ ಬಿಟ್ಟರೆ ಗೊತ್ತಾಗ್ತದೆ. ಬಟ್ಟೆಯಲ್ಲಿ ಒರಸಬಾರದು. ಒರಸಿದ ಎರಡು ನಿಮಿಷಕ್ಕೆ ಮತ್ತೆ ಹನಿ ಕೂರ್ತದೆ, ಗೀರು ಮಾತ್ರ ಉಳಿಯುತ್ತದೆ.

ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಬಿಸಿಯನ್ನು ಆಕಾಶಕ್ಕೆ ಚೆಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗ್ತದೆ. ಕರಾವಳಿಯ ಗಾಳಿಯಲ್ಲಿ ನೀರು ತುಂಬಿಕೊಂಡಿರುವುದರಿಂದ ಎರಡು ಡಿಗ್ರಿ ಇಳಿದರೂ ಸಾಕು, ಹನಿ ಕೂರ್ತದೆ. ಗಾಜನ್ನು ಗಾಳಿಗಿಂತ ಎರಡು ಮೂರು ಡಿಗ್ರಿ ಮೇಲೆ ಇಟ್ಟರಾಯಿತು. ಯುಎಸ್‌ಬಿ ಡ್ಯೂ ಹೀಟರ್ ಪಟ್ಟಿ 5 ವ್ಯಾಟಿನದ್ದು ತೆಗೆದುಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಐದಾರು ಗಂಟೆ ಬರ್ತದೆ. ಲೆನ್ಸಿನ ಮುಂದಿನ ಅಂಚಿಗೆ ಸುತ್ತಬೇಕು, ಫೋಕಸ್ ರಿಂಗಿನ ಮೇಲೆ ಅಲ್ಲ. ಹನಿ ಬಿದ್ದ ಮೇಲೆ ಆನ್ ಮಾಡಿದರೆ ಆರಲು ಅರ್ಧ ಗಂಟೆ. ಶುರುವಿನಿಂದಲೇ ಆನ್ ಇರಲಿ. ಹೆಚ್ಚು ಬಿಸಿ ಮಾಡಿದರೆ ಫೋಕಸ್ ಸರಿಯುತ್ತದೆ, ಆದ್ದರಿಂದ ಪಟ್ಟಿ ಹಾಕಿ 20 ನಿಮಿಷ ಬಿಟ್ಟು ಫೋಕಸ್ ಮಾಡಿ. ಕೆಲವು ಪವರ್ ಬ್ಯಾಂಕ್ ಕಡಿಮೆ ಕರೆಂಟ್ ಎಳೆದರೆ ತನ್ನಿಂದ ತಾನೇ ಆಫ್ ಆಗುತ್ತದೆ. ಹೀಟರನ್ನು ಕಡಿಮೆ ಹಂತದಲ್ಲಿ ಇಡುವವರು ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ.

ತಾಳವಾಡಿ ತಾರೆ

ಕಿತ್ತಳೆ ಬಣ್ಣದ ಬಗ್ಗೆ ನಾನು ಹೇಳ್ತೀನಿ. ಡೀಪ್‌ಸ್ಕೈಸ್ಟ್ಯಾಕರ್ ಸೇರಿಸಿ ಕೊಟ್ಟ ಕಡತವನ್ನ ಅಲ್ಲೇ ಎಳೆದಾಡಬೇಡಿ. ಚಿತ್ರ ಸೇರಿಸಿ ತಿದ್ದೋ ಸಿರಿಲ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ, ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಒಂದು ಫೋಲ್ಡರಿನಲ್ಲಿ ಲೈಟ್ಸ್, ಡಾರ್ಕ್ಸ್, ಫ್ಲಾಟ್ಸ್, ಬಯಾಸಸ್ ಅಂತ ನಾಲ್ಕು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲೇ, ಬಹುವಚನದಲ್ಲೇ ಇರಬೇಕು, ಒಂದಕ್ಷರ ತಪ್ಪಿದರೂ ಸ್ಕ್ರಿಪ್ಟ್ ನಿಂತುಹೋಗುತ್ತೆ. ಸಿರಿಲ್‌ನ ಹೋಮ್ ಗುಂಡಿಯಲ್ಲಿ ಆ ದೊಡ್ಡ ಫೋಲ್ಡರ್ ತೋರಿಸಿ, ಓಎಸ್‌ಸಿ (ಬಣ್ಣದ ಕ್ಯಾಮೆರಾ) ಪ್ರೀಪ್ರೊಸೆಸಿಂಗ್ ಸ್ಕ್ರಿಪ್ಟ್ ಓಡಿಸಿ. ಡಿಸ್ಕಿನಲ್ಲಿ ಜಾಗ ಧಾರಾಳವಾಗಿರಲಿ: 300 ರಾ ಕಡತವೇ 7–8 ಜಿಬಿ, ನಡುವೆ ಅದು ಬರೆದುಕೊಳ್ಳೋ ಕಡತಗಳು ಅದರ ಹತ್ತು ಪಟ್ಟು ದಾಟಬಹುದು.

ಮುಗಿದ ಮೇಲೆ ಪರದೆ ಪೂರ್ತಿ ಕಪ್ಪು ಕಾಣಿಸುತ್ತೆ. ಗಾಬರಿ ಬೇಡ. ಕೆಳಗೆ ಆಟೋಸ್ಟ್ರೆಚ್ ಆರಿಸಿ, ಅದು ತೋರಿಸೋದಕ್ಕೆ ಮಾತ್ರ, ಕಡತ ಬದಲಾಗಲ್ಲ. ಆಮೇಲೆ ಈ ಕ್ರಮ ತಪ್ಪಿಸಬೇಡಿ: ಮೊದಲು ಅಂಚು ಕತ್ತರಿಸಿ, ಚೌಕಟ್ಟು ಜಾರಿದ್ದರಿಂದ ಅಂಚಿನಲ್ಲಿ ಚಿತ್ರ ಕಡಿಮೆ ಸೇರಿರುತ್ತೆ. ನಂತರ ಹಿನ್ನೆಲೆ ತೆಗೆಯೋದು. ಕಿತ್ತಳೆ ಹೋಗೋದು ಇಲ್ಲೇ. ಮಾದರಿ ಚುಕ್ಕಿಗಳು ನೀಹಾರಿಕೆ ಮೇಲೆ ಬಿದ್ದಿದ್ರೆ ಅವನ್ನ ಅಳಿಸಿ, ಇಲ್ಲಾಂದ್ರೆ ಪ್ರೋಗ್ರಾಂ ನೀಹಾರಿಕೆಯನ್ನೇ ಮಾಲಿನ್ಯ ಅಂದುಕೊಂಡು ಕಳೆದುಬಿಡುತ್ತೆ. ಸಿರಿಲ್‌ನಲ್ಲಿ ಸರಿ ಬರದಿದ್ರೆ ಗ್ರಾಎಕ್ಸ್‌ಪರ್ಟ್ ಅಂತ ಇನ್ನೊಂದು ಉಚಿತ ಪ್ರೋಗ್ರಾಂ ಇದೆ. ಆಮೇಲೆ ಬಣ್ಣದ ಹೊಂದಾಣಿಕೆ, ಹಸಿರು ತೆಗೆಯೋದು, ಕೊನೆಗೆ ಹಿಸ್ಟೋಗ್ರಾಮ್ ಎಳೆಯೋದು, ಅಂದ್ರೆ ಮಸುಕು ಭಾಗವನ್ನ ಬೆಳಗಿಸೋದು. ಎಳೆಯೋದನ್ನ ನಾಲ್ಕೈದು ಸಣ್ಣ ಹಂತದಲ್ಲಿ ಮಾಡಿ. ಒಂದೇ ಸಲ ಎಳೆದ್ರೆ ಓರಿಯನ್ ನೀಹಾರಿಕೆಯ ನಡುಭಾಗ ಬಿಳಿ ಮುದ್ದೆ ಆಗಿಬಿಡುತ್ತೆ. ಹಿನ್ನೆಲೆಯನ್ನ ಪೂರ್ತಿ ಕಪ್ಪು ಮಾಡಬೇಡಿ, ನೀಹಾರಿಕೆಯ ತೆಳು ಅಂಚು ಸಾಯುತ್ತೆ.

ಊರಿನ ಬೆಳಕಿಗೆ ಅಂತ ಲೆನ್ಸ್ ಮುಂದೆ ಹಾಕೋ ಹಳೆ ಮಾದರಿ ಫಿಲ್ಟರ್ ಕೊಳ್ಳಬೇಡಿ. ಅವು ಸೋಡಿಯಂ ದೀಪದ ಕಾಲದವು. ಎಲ್‌ಇಡಿ ಬೆಳಕು ಎಲ್ಲಾ ಬಣ್ಣದಲ್ಲೂ ಹರಡಿರುತ್ತೆ, ಫಿಲ್ಟರಿಗೆ ಸಿಗಲ್ಲ. ಆ ದುಡ್ಡಲ್ಲಿ ಕತ್ತಲೆ ಜಾಗಕ್ಕೆ ಹೋಗೋ ಪೆಟ್ರೋಲ್ ಹಾಕಿಸಿ.

ಪೆರ್ಲದ ಪದವು

ಗೆರೆ ಯಾಕೆ ಅಂತ ಈಗ ಅರ್ಥ ಆಯಿತು. ಆಕಾಶಗಂಗೆಗೆ ಯಾವ ತಿಂಗಳು? ಮೇ ತಿಂಗಳ ರಜೆಯಲ್ಲಿ ಹೋಗಬಹುದಾ? ರಾಣಿಪುರಂ ಒಳ್ಳೆಯದಾ, ಬೇಕಲ ಕಡೆಯ ಕಡಲ ತೀರವಾ?

ಮುಳ್ಳೇರಿಯ ಮುಗಿಲು

ಮೇ ತಿಂಗಳನ್ನು ನಂಬಬೇಡಿ. ಮಧ್ಯಾಹ್ನ ಮೇಲೆ ಮೋಡ ಕಟ್ಟಿ ಗುಡುಗಿನ ಮಳೆ. ಜೂನಿನಿಂದಂತೂ ಆಕಾಶದ ಮಾತೇ ಇಲ್ಲ. ನಮಗೆ ಸಿಗುವುದು ಡಿಸೆಂಬರಿನಿಂದ ಏಪ್ರಿಲ್. ಆಕಾಶಗಂಗೆಯ ನಡುಭಾಗ ಫೆಬ್ರವರಿ ನಡುವಿಗೆ ಬೆಳಗಿನ ಜಾವ 3 ಗಂಟೆಗೆ ಏಳ್ತದೆ, ಮಾರ್ಚ್ 20ಕ್ಕೆ ರಾತ್ರಿ 1 ಗಂಟೆಯ ಸುಮಾರಿಗೆ, ಏಪ್ರಿಲ್ ಕೊನೆಗೆ ರಾತ್ರಿ 10 ಗಂಟೆಗೆ. ಮಾರ್ಚಿನ ಅಮಾವಾಸ್ಯೆಯ ಆಚೀಚೆ, ಬೆಳಗ್ಗೆ 3ರಿಂದ 5: ನಮ್ಮ ಊರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. 18 ಮಿ.ಮೀ., ಎಫ್ 3.5, ಐಎಸ್‌ಒ 3200, 11 ಸೆಕೆಂಡ್, 60 ಚಿತ್ರ. ಮುಂದೆ ಮರವೋ ಬಂಡೆಯೋ ಇದ್ದರೆ ಸೀಕ್ವೇಟರ್ ಎಂಬ ಪ್ರೋಗ್ರಾಂ ನೆಲ ಮತ್ತು ಆಕಾಶವನ್ನು ಬೇರೆ ಬೇರೆ ಹೊಂದಿಸಿ ಸೇರಿಸುತ್ತದೆ. ಸಂಜೆಯ ಹೊತ್ತಿಗಾದರೆ ಸೂರ್ಯಾಸ್ತವಾಗಿ ಸುಮಾರು ಒಂದೂಕಾಲು ಗಂಟೆ ಕಾಯಿರಿ, ಅದಕ್ಕೆ ಮೊದಲು ಪೂರ್ತಿ ಕತ್ತಲಾಗುವುದಿಲ್ಲ.

ಕಡಲ ತೀರದಲ್ಲಿ ಪಶ್ಚಿಮಕ್ಕೆ ಕತ್ತಲೆ ಚೆನ್ನಾಗಿರ್ತದೆ, ಆದರೆ ಉಪ್ಪಿನ ಹನಿ ಲೆನ್ಸಿಗೂ ಟ್ರೈಪಾಡಿನ ಸ್ಕ್ರೂವಿಗೂ ಹತ್ತುತ್ತದೆ. ಮನೆಗೆ ಬಂದು ಟ್ರೈಪಾಡಿನ ಕಾಲನ್ನು ಸಿಹಿ ನೀರಲ್ಲಿ ತೊಳೆದು ಒಣಗಿಸಲೇಬೇಕು. ಕತ್ತಲೆಗೆ ಜಿಲ್ಲೆಯ ಪೂರ್ವ ಭಾಗವೇ ಮೇಲು. ರಾಣಿಪುರಂ ಕಾಡು, ಆನೆ ಇರುವ ಜಾಗ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ರಾತ್ರಿ ಮೇಲೆ ಹತ್ತಬಾರದು. ಕೆಳಗೆ ಪನತ್ತಡಿ ಕಡೆಯ ಯಾರದಾದರೂ ಮನೆಯಂಗಳ ಸಿಕ್ಕಿದರೂ ಆಕಾಶ ಅದೇ.

ತಾಳವಾಡಿ ತಾರೆ

ನಮ್ಮ ಕಡೆ ಬರೋರಿಗೂ ಒಂದು ಮಾತು: ದಿಂಬಂ ಘಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಬೆಳಕಿರುವಾಗಲೇ ತಾಳವಾಡಿ ಸೇರಿಕೊಳ್ಳಿ.

ಅಕ್ಕಲಕೋಟದಿಂದ

ನಮ್ಮ ಕಡಿ ಇಬ್ಬನಿ ಕಮ್ಮಿ, ಧೂಳು ಭಾಳ. ಜತ್ತ, ಸೊಲ್ಲಾಪುರ ಸುತ್ತಮುತ್ತ ಅಕ್ಟೋಬರಿನಿಂದಲೇ ಆಕಾಶ ಬಿಚ್ಚಿಕೊಳ್ತದ. ಬಯಲಿನ್ಯಾಗ ಲೆನ್ಸ್ ಬದಲಿಸಬ್ಯಾಡ್ರಿ, ಸೆನ್ಸಾರಿಗೆ ಕೂತ ಒಂದು ಕಣ 300 ಚಿತ್ರದಾಗೂ ಕರೀ ಚುಕ್ಕಿ ಆಗತದ. ಗಾಳಿಯಂತ್ರದ ಕೆಂಪು ದೀಪ ಚೌಕಟ್ಟಿನ್ಯಾಗ ಬರದ ಹಂಗ ನಿಂದರ್ರಿ.

ಪೆರ್ಲದ ಪದವು

ಮಳೆಗಾಲಕ್ಕೆ ಕ್ಯಾಮೆರಾ ಹೇಗೆ ಇಡುವುದು? ಮತ್ತೆ, ಮುಂದಿನ ವರ್ಷಕ್ಕೆ ಏನು ಕೊಳ್ಳಬಹುದು?

ಕುಂಬಳೆ ವರ್ಕ್‌ಶಾಪ್

ಬ್ಯಾಗಿನೊಳಗೆ ಮಾತ್ರ ಇಡಬೇಡಿ. ಒದ್ದೆ ಬ್ಯಾಗು, ಕತ್ತಲೆ, ಬಿಸಿ: ಫಂಗಸ್‌ಗೆ ಇಷ್ಟೇ ಬೇಕಾದ್ದು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. 60 ದಾಟಿದರೆ ಜೆಲ್ ಒಣಗಿಸುವ ಹೊತ್ತು. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ಅಡುಗೆಮನೆಯಲ್ಲಿ ಬಿಸಿ ಮಾಡುವ ವಸ್ತು ಅಲ್ಲ ಅದು. ಒವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟು, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ಹಾಕಿ. ಅಕ್ಕಿಯೊಳಗೆ ಹೂಳುವುದು ಬೇಡ, ಪುಡಿ ಲೆನ್ಸಿನ ಸಂದಿಗೆ ಇಳಿಯುತ್ತದೆ.

ಬದಿಯಡ್ಕ ಮಾಷ್ಟ್ರು

ಕೊಳ್ಳುವುದಾದರೆ ಮೊದಲು 135 ಮಿ.ಮೀ. ಲೆನ್ಸ್, ಹಳೆಯ ಮ್ಯಾನುವಲ್ ಆದರೂ ಅಡ್ಡಿಯಿಲ್ಲ. ಆಮೇಲೆ 5 ಕಿಲೋ ಹೊರುವ ಸ್ಟಾರ್ ಅಡ್ವೆಂಚರರ್ ತರಹದ ಟ್ರ್ಯಾಕರ್. ತೂಕ ಹೊಂದಿಸುವಾಗ ಪೂರ್ವದ ಕಡೆ ಒಂದು ಚೂರು ಭಾರ ಹೆಚ್ಚು ಇರಲಿ, ಗೇರಿನ ಹಲ್ಲು ಒಂದೇ ಬದಿಗೆ ಒತ್ತಿಕೊಂಡು ಓಡುತ್ತದೆ. ನಮ್ಮ ಅಕ್ಷಾಂಶದಲ್ಲಿ ತೂಕದ ಸರಳು ನೆಟ್ಟಗೆ ಕೆಳಕ್ಕೆ ಇಳಿದು ಟ್ರೈಪಾಡಿನ ಕಾಲಿಗೆ ಬಡಿಯಬಹುದು. ಕತ್ತಲಾಗುವ ಮೊದಲೇ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ತಾಗಿದರೆ ನಡುವೆ ಒಂದು ಎಕ್ಸ್‌ಟೆನ್ಷನ್ ಕಂಬ ಹಾಕಬೇಕು.

ಸೀಸ್ಟಾರ್ ಮಾದರಿಯ ಸ್ಮಾರ್ಟ್ ಟೆಲಿಸ್ಕೋಪ್ ಬಗ್ಗೆ ಕೇಳುವವರೂ ಇದ್ದಾರೆ. ಒಳ್ಳೆಯ ಯಂತ್ರವೇ. ಆದರೆ ಮೇಲೆ-ಕೆಳಗೆ, ಎಡ-ಬಲ ತಿರುಗುವ ಯಂತ್ರದಲ್ಲಿ ವಸ್ತು ನೆತ್ತಿಗೆ ಬಂದಾಗ ಚಿತ್ರ ತಿರುಗಿಹೋಗುತ್ತದೆ, ನಮ್ಮಲ್ಲಿ ಬಹಳ ವಸ್ತುಗಳು ನೆತ್ತಿಯ ಹತ್ತಿರವೇ ಹಾಯುತ್ತವೆ. ಪೂರ್ವದಲ್ಲಿ ಅಥವಾ ಪಶ್ಚಿಮದಲ್ಲಿ 40–60 ಡಿಗ್ರಿ ಎತ್ತರದಲ್ಲಿ ಇರುವಾಗ ತೆಗೆದರೆ ಆ ತೊಂದರೆ ಬಹುತೇಕ ಇಲ್ಲ.

ಮುಳ್ಳೇರಿಯ ಮುಗಿಲು

ಸೂರ್ಯನ ಕಡೆ ಲೆನ್ಸ್ ತಿರುಗಿಸುವ ಆಸೆ ಇರುವವರಿಗೆ ಒಂದು ಮಾತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ನಡುಗೆರೆ ನಮ್ಮ ಚೆರುವತ್ತೂರಿನ ಮೇಲೆಯೇ ಹಾದದ್ದು ನೆನಪಿರಬಹುದು. ಮುಂದೆ 2027ರ ಆಗಸ್ಟ್ 2ರಂದು ಪಾರ್ಶ್ವ ಗ್ರಹಣ ಉಂಟು, ಆದರೆ ಮಳೆಗಾಲ. ಸೌರ ಫಿಲ್ಟರ್ ಯಾವತ್ತೂ ಲೆನ್ಸಿನ ಮುಂದೆಯೇ, ಗಾಳಿಗೆ ಹಾರದ ಹಾಗೆ ಬಿಗಿದು ಹಾಕಬೇಕು. ಎಕ್ಸ್‌ರೇ ಫಿಲ್ಮ್, ಕಪ್ಪು ಗಾಜು ಯಾವುದೂ ಆಗದು.

ಬದಿಯಡ್ಕ ಮಾಷ್ಟ್ರು

ಪೆರ್ಲದವರೇ, ಮುಂದಿನ ಅಮಾವಾಸ್ಯೆಗೆ ಓರಿಯನ್ನನ್ನೇ ಮತ್ತೊಮ್ಮೆ ತೆಗೆಯಿರಿ, ಬೇರೆ ವಸ್ತುವಿಗೆ ಹೋಗಬೇಡಿ. ಹೀಟರ್, ಡಾರ್ಕ್, ಮುಂಡಿನ ಫ್ಲಾಟ್, 60 ಚಿತ್ರಕ್ಕೊಮ್ಮೆ ಚೌಕಟ್ಟು ಬದಲು. ಎರಡು ರಾತ್ರಿಯ ಚಿತ್ರಗಳನ್ನು ಒಟ್ಟಿಗೇ ಸೇರಿಸಬಹುದು. ಆದರೆ ಹೋದ ಸಲದ 150ರ ಆಚೆಗಿನವು ಬೇಡ. ಸೇರಿಸಿದ ಚಿತ್ರದ ಜತೆ ಮೊದಲನೆಯ ಮತ್ತು ಕೊನೆಯ ರಾ ಕಡತ ಎರಡನ್ನೂ ಹಾಕಿ. ಆ ಎರಡನ್ನು ಪಕ್ಕಪಕ್ಕದಲ್ಲಿ ಹಿಗ್ಗಿಸಿ ನೋಡಿದರೆ ಇಬ್ಬನಿಯೋ, ಫೋಕಸ್ಸೋ, ಟ್ರೈಪಾಡ್ ಕುಸಿದದ್ದೋ ಇಲ್ಲಿಂದಲೇ ಹೇಳಬಹುದು.